ಮೋಟಾರ್‌ಸೈಕಲ್ ಕಾರ್ಬುರೇಟರ್: ಟ್ಯೂನಿಂಗ್ ಮತ್ತು ಜೆಟ್ ಬದಲಾವಣೆ

ಪೆಟ್ರೋಲ್ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ತಕ್ಕಷ್ಟು ಇಂಧನವನ್ನು ಬೆರೆಸಿ ಸಿಲಿಂಡರಿಗೆ ಕಳಿಸುವ ಸಾಧನ ಕಾರ್ಬುರೇಟರ್. ಅದರೊಳಗಿನ ಗಾಳಿ ಮತ್ತು ಪೆಟ್ರೋಲಿನ ಹಾದಿಗಳನ್ನು ಎಂಜಿನ್ನಿನ ಸದ್ಯದ ಸ್ಥಿತಿಗೆ ಹೊಂದಿಸುವುದು ಟ್ಯೂನಿಂಗ್. ಸ್ಕ್ರೂ ತಿರುಗಿಸಿದರಷ್ಟೇ ಸರಿಹೋಗದಿದ್ದಾಗ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಹಿತ್ತಾಳೆಯ ಜೆಟ್‌ಗಳನ್ನೇ ತೆಗೆದು ಬೇರೆ ಅಳತೆಯವನ್ನು ಹಾಕಬೇಕಾಗುತ್ತದೆ. ದೊಡ್ಡ ಜೆಟ್ ಹಾಕಿದರೆ ಗಾಡಿಯ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ. ಅದು ಅರ್ಧ ಮಾತ್ರ ನಿಜ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಅದರೊಳಕ್ಕೆ ಹೋಗುವ ಗಾಳಿ. ಆ ಗಾಳಿಗೆ ಪೆಟ್ರೋಲ್ ಸಾಲದೆ ಇದ್ದರೆ ದೊಡ್ಡ ಜೆಟ್ಟಿನಿಂದ ಪ್ರಯೋಜನವಾಗುತ್ತದೆ. ಸಾಕಷ್ಟು ಇದ್ದರೆ ಹೆಚ್ಚಾದ ಪೆಟ್ರೋಲ್ ಪ್ಲಗ್ಗನ್ನು ಕಪ್ಪಾಗಿಸಿ ಸೈಲೆನ್ಸರಿನ ಮೂಲಕ ಹೊರಹೋಗುತ್ತದೆ, ಅಷ್ಟೆ.

ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆದರೆ ಎಂಜಿನ್ನಿಗೆ ಎಲ್ಲ ಹೊತ್ತಿನಲ್ಲೂ ಇದೇ ಪ್ರಮಾಣ ಹಿತವಲ್ಲ. ಗರಿಷ್ಠ ಶಕ್ತಿ ಸಿಗುವುದು 12.5ರಿಂದ 13ರ ಸುಮಾರಿನಲ್ಲಿ; ಮೈಲೇಜ್ ಚೆನ್ನಾಗಿ ಬರುವುದು 15.5-16ರ ಆಸುಪಾಸಿನಲ್ಲಿ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಚೋಕ್ ಎಳೆದು ಇನ್ನೂ ದಟ್ಟವಾದ ಮಿಶ್ರಣ ಕೊಡಬೇಕಾಗುತ್ತದೆ. ಪೆಟ್ರೋಲ್ ಹೆಚ್ಚಾದ ಮಿಶ್ರಣವನ್ನು ರಿಚ್ ಎಂದೂ ಕಡಿಮೆಯಾದದ್ದನ್ನು ಲೀನ್ ಎಂದೂ ಮೆಕ್ಯಾನಿಕ್‌ಗಳು ಕರೆಯುತ್ತಾರೆ. ರಿಚ್ ಆದ ಎಂಜಿನ್ ಮಂದವಾಗುತ್ತದೆ, ಹೊಗೆ ಕಾರುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಲೀನ್ ಆದದ್ದು ವಿಪರೀತ ಬಿಸಿಯಾಗುತ್ತದೆ, ಮುಗ್ಗರಿಸುತ್ತದೆ, ಕೊನೆಗೆ ಪಿಸ್ಟನ್ನಿಗೇ ಅಪಾಯ ತರಬಲ್ಲದು. ಎರಡೂ ತಪ್ಪೇ ಆದರೂ ಎರಡರ ಬೆಲೆ ಒಂದೇ ಅಲ್ಲ. ಆದ್ದರಿಂದಲೇ ಅನುಭವಸ್ಥರು ಮೊದಲು ತುಸು ರಿಚ್ ಕಡೆಯಿಂದ ಆರಂಭಿಸಿ ಮೆಲ್ಲಗೆ ಇಳಿಸುತ್ತ ಬರುತ್ತಾರೆ.

ಪೆಟ್ರೋಲನ್ನು ಸಣ್ಣ ರಂಧ್ರದಿಂದ ಸಿಂಪಡಿಸುವ ಕಾರ್ಬುರೇಟರ್ 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಅವರ ಕೈಯಲ್ಲಿ ರೂಪುಗೊಂಡಿತು. ಅದೇ ವರ್ಷ ಹಂಗರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಅಂಥದ್ದೇ ಸಾಧನಕ್ಕೆ ಪೇಟೆಂಟ್ ಪಡೆದರು. ಮೋಟಾರ್‌ಸೈಕಲ್ಲಿನ ಮಟ್ಟಿಗೆ ಹೆಚ್ಚು ಪ್ರಭಾವ ಬೀರಿದ್ದು 1927ರಲ್ಲಿ ಮೂರು ಕಂಪನಿಗಳು ಸೇರಿ ಹುಟ್ಟಿದ ಬರ್ಮಿಂಗ್‌ಹ್ಯಾಮಿನ ಅಮಾಲ್. ಜಪಾನಿನ ಮಿಕುನಿಯೂ ಅಮಾಲ್ ಪರವಾನಗಿಯಡಿ ಕಾರ್ಬುರೇಟರ್ ತಯಾರಿಸಿತು. ಮಿಕುನಿಯ ವಿನ್ಯಾಸಗಳು ಮುಂದೆ ಚೆನ್ನೈನ ಯುಕಾಲ್ ಮೂಲಕ ಮಿಕ್‌ಕಾರ್ಬ್ ಹೆಸರಿನಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್ಟೂ ಸೇರಿದಂತೆ ಹಲವು ಭಾರತೀಯ ಗಾಡಿಗಳಿಗೆ ಬಂದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿಗಳ ಕಾರ್ಬುರೇಟರಿನ ಮೂಲ ಮಾತ್ರ ಬೇರೆ. ಅದು ಚೆಕೊಸ್ಲೊವಾಕಿಯದ ಯಿಕೋವ್. ಇವುಗಳ ಮೈಕಟ್ಟು ಬೇರೆಯಾದರೂ ಕೆಲಸದ ತತ್ತ್ವ ಒಂದೇ. ನಡುವೆ ಕಿರಿದಾದ ಕೊಳವೆಯಲ್ಲಿ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ತಗ್ಗುತ್ತದೆ. ಫ್ಲೋಟ್ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ವಾತಾವರಣದ ಒತ್ತಡ ಇದ್ದೇ ಇರುತ್ತದೆ. ಈ ವ್ಯತ್ಯಾಸ ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆ ನೂಕುತ್ತದೆ.

ಗಾಳಿಯ ಹಾದಿಯನ್ನು ತೆರೆದು ಮುಚ್ಚುವ ರೀತಿಯಲ್ಲಿ ಎರಡು ಬಗೆ ಮುಖ್ಯ. ಹಳೆಯ ಬುಲೆಟ್, ಯೆಜ್ಡಿ, ಯಮಹಾ ಆರ್‌ಎಕ್ಸ್ 100ಗಳಲ್ಲಿ ಆಕ್ಸಿಲರೇಟರ್ ಕೇಬಲ್ ನೇರವಾಗಿ ಆ ಹಾದಿಗೆ ಅಡ್ಡವಾಗಿರುವ ಸ್ಲೈಡನ್ನು ಮೇಲಕ್ಕೆ ಎಳೆಯುತ್ತದೆ. ಎರಡನೆಯ ಬಗೆಯಲ್ಲಿ ಕೇಬಲ್ ತೆರೆಯುವುದು ಒಂದು ತಟ್ಟೆಯನ್ನು ಮಾತ್ರ. ಸ್ಲೈಡನ್ನು ಎತ್ತುವುದು ತೆಳುವಾದ ರಬ್ಬರ್ ಡಯಾಫ್ರಮ್ಮಿನ ಮೇಲೆ ಕೆಲಸ ಮಾಡುವ ನಿರ್ವಾತ. ಇದು ಸಿವಿ ಕಾರ್ಬುರೇಟರ್. ಸವಾರ ಹಠಾತ್ತನೆ ಆಕ್ಸಿಲರೇಟರ್ ತಿರುವಿದರೂ ಎಂಜಿನ್ನಿಗೆ ಬೇಕಾದಷ್ಟೇ ಸ್ಲೈಡ್ ಏಳುವುದರಿಂದ ಓಟ ನಯವಾಗಿರುತ್ತದೆ. ಡಯಾಫ್ರಮ್ಮಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಸ್ಲೈಡ್ ಪೂರ್ತಿ ಏಳದೆ ಗಾಡಿ ಒಂದು ವೇಗದಾಚೆ ಹೋಗುವುದಿಲ್ಲ. ಆಗ ಎಷ್ಟು ಜೆಟ್ ಬದಲಿಸಿದರೂ ವ್ಯರ್ಥ.

ನಾಲ್ಕು ಹಾದಿಗಳು

ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದರ ಮೇಲೆ ಕಾರ್ಬುರೇಟರಿನ ಬೇರೆಬೇರೆ ಭಾಗಗಳು ಮಿಶ್ರಣವನ್ನು ನಿಯಂತ್ರಿಸುತ್ತವೆ. ಐಡ್ಲಿಂಗಿನಿಂದ ಎಂಟನೇ ಒಂದು ಭಾಗದವರೆಗೆ ಸ್ಲೋ ಜೆಟ್ ಮತ್ತು ಅದರ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳತುದಿಯಲ್ಲಿ ಓರೆಯಾಗಿ ಕತ್ತರಿಸಿರುವ ಅಂಚು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ತೂಗುವ ನೀಡಲ್ ಮತ್ತು ಅದು ಇಳಿದುಕೊಂಡಿರುವ ನೀಡಲ್ ಜೆಟ್. ಮುಕ್ಕಾಲಿನಿಂದ ಪೂರ್ತಿ ತೆರೆಯುವವರೆಗೆ ಮೇನ್ ಜೆಟ್. ಈ ಗಡಿಗಳು ಕತ್ತರಿಸಿಟ್ಟಂತಿಲ್ಲ. ಒಂದರ ಪ್ರಭಾವ ಮುಂದಿನದರೊಳಕ್ಕೆ ಹರಿಯುತ್ತದೆ. ಆದರೂ ತೊಂದರೆ ಯಾವ ಭಾಗದ್ದೆಂದು ಪತ್ತೆಹಚ್ಚಲು ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಹಿಡಿಕೆಯ ಮೇಲೂ ಅದರ ಪಕ್ಕದ ಸ್ವಿಚ್ ಮನೆಯ ಮೇಲೂ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದುಕೊಂಡರೆ ಸವಾರಿಯಲ್ಲಿ ಗೊತ್ತಾಗುತ್ತದೆ. ಗಮನಿಸಬೇಕಾದದ್ದು ಹಿಡಿಕೆಯ ಸ್ಥಾನವನ್ನು, ಗಾಡಿಯ ವೇಗವನ್ನಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಗ್ಗರಿಸುತ್ತದೆ ಎಂಬ ದೂರಿನಿಂದ ಯಾವ ಜೆಟ್ ಎಂದು ಹೇಳಲಾಗದು. ಅರ್ಧ ತೆರೆದಾಗ ಮುಗ್ಗರಿಸುತ್ತದೆ ಎಂದರೆ ನೀಡಲ್ ಕಡೆ ನೋಡಬೇಕೆಂದು ಕೂಡಲೇ ತಿಳಿಯುತ್ತದೆ.

ಸ್ಲೋ ಜೆಟ್ಟಿನ ಜೊತೆಗಿರುವ ಸ್ಕ್ರೂ ವಿಷಯದಲ್ಲಿ ಗೊಂದಲ ಹೆಚ್ಚು, ಏಕೆಂದರೆ ಅದರಲ್ಲಿ ಎರಡು ಜಾತಿ. ಸ್ಕ್ರೂ ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ. ಹೊರಕ್ಕೆ ತಿರುಗಿಸಿದಂತೆ ಮಿಶ್ರಣ ಲೀನ್ ಆಗುತ್ತದೆ. ಎಂಜಿನ್ ಕಡೆ ಇದ್ದರೆ ಅದು ಇಂಧನದ ಸ್ಕ್ರೂ. ಹೊರಕ್ಕೆ ತಿರುಗಿಸಿದರೆ ರಿಚ್. ಈ ಭೇದ ತಿಳಿಯದೆ ಒಂದು ಗಾಡಿಯ ಅಭ್ಯಾಸವನ್ನು ಇನ್ನೊಂದರ ಮೇಲೆ ಪ್ರಯೋಗಿಸಿದಾಗ ಎಲ್ಲವೂ ತಿರುಗುಮುರುಗಾಗುತ್ತದೆ.

ನೀಡಲಿನ ತಲೆಯಲ್ಲಿ ಸಾಮಾನ್ಯವಾಗಿ ಐದು ಕಚ್ಚುಗಳಿದ್ದು, ಅವುಗಳಲ್ಲೊಂದಕ್ಕೆ ಲಾಕ್ ಸಿಕ್ಕಿಸಿರುತ್ತದೆ. ಲಾಕನ್ನು ಕೆಳಗಿನ ಕಚ್ಚಿಗೆ ಹಾಕಿದರೆ ನೀಡಲ್ ಮೇಲೇಳುತ್ತದೆ, ಅದರ ಚೂಪಾದ ಭಾಗ ನೀಡಲ್ ಜೆಟ್ಟಿನಲ್ಲಿ ಹೆಚ್ಚು ಜಾಗ ಬಿಡುತ್ತದೆ, ಮಿಶ್ರಣ ರಿಚ್ ಆಗುತ್ತದೆ. ಮೇಲಿನ ಕಚ್ಚಿಗೆ ಹಾಕಿದರೆ ಲೀನ್. ಕೆಲವು ಗಾಡಿಗಳಲ್ಲಿ ಕಚ್ಚುಗಳೇ ಇರುವುದಿಲ್ಲ; ಅಲ್ಲಿ ನೀಡಲಿನ ತಲೆಯ ಕೆಳಗೆ ತೆಳುವಾದ ವಾಷರ್ ಸೇರಿಸಿ ಅದನ್ನು ಎತ್ತರಿಸುವುದು ವಾಡಿಕೆ. ಸಾವಿರಾರು ಕಿಲೋಮೀಟರ್ ಓಡಿದ ಸ್ಲೈಡ್ ಕಾರ್ಬುರೇಟರಿನಲ್ಲಿ ನೀಡಲ್ ಉಜ್ಜಿ ಉಜ್ಜಿ ನೀಡಲ್ ಜೆಟ್ಟಿನ ದುಂಡು ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ದಿನನಿತ್ಯದ ಸವಾರಿ ನಡೆಯುವುದು ಹೆಚ್ಚಾಗಿ ಇದೇ ವಲಯದಲ್ಲಾದ್ದರಿಂದ ಮೈಲೇಜ್ ಕುಸಿಯುತ್ತದೆ. ಇದಕ್ಕೆ ಮೇನ್ ಜೆಟ್ ಚಿಕ್ಕದು ಮಾಡುವುದು ಬಹಳ ಕಡೆ ಕಾಣುವ ಚಿಕಿತ್ಸೆ, ಮತ್ತು ತಪ್ಪು ಚಿಕಿತ್ಸೆ: ರೋಗ ಹಾಗೆಯೇ ಉಳಿಯುತ್ತದೆ, ಪೂರ್ತಿ ಆಕ್ಸಿಲರೇಟರಿನಲ್ಲಿ ಎಂಜಿನ್ ಲೀನ್ ಆಗುತ್ತದೆ. ನೀಡಲ್ ಮತ್ತು ನೀಡಲ್ ಜೆಟ್ ಎರಡನ್ನೂ ಜೊತೆಯಾಗಿ ಬದಲಿಸುವುದೇ ಸರಿ.

ಜೆಟ್ಟಿನ ಮೇಲೆ ಕೊರೆದಿರುವ ಅಂಕಿಯೂ ಎಲ್ಲ ಕಂಪನಿಗಳಲ್ಲಿ ಒಂದೇ ಅರ್ಥದ್ದಲ್ಲ. ಇಟಲಿಯ ಡೆಲ್ಲೊರ್ಟೊದಲ್ಲಿ 110 ಎಂದರೆ ರಂಧ್ರದ ವ್ಯಾಸ 1.10 ಮಿ.ಮೀ. ಅಮಾಲ್ ಜೆಟ್ಟಿನ ಅಂಕಿ ನಿಗದಿತ ಒತ್ತಡದಲ್ಲಿ ಒಂದು ನಿಮಿಷಕ್ಕೆ ಹರಿಯುವ ದ್ರವದ ಪ್ರಮಾಣ. ಮಿಕುನಿಯಲ್ಲಂತೂ ಎರಡು ಪದ್ಧತಿಯ ಜೆಟ್‌ಗಳೂ ಉಂಟು. ಆದ್ದರಿಂದ ಒಂದು ಕಂಪನಿಯ 110ನ್ನು ಮತ್ತೊಂದರ 110ರ ಜಾಗಕ್ಕೆ ಹಾಕುವುದು ಜೂಜು. ವ್ಯಾಸದ ಅಂಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹರಿಯುವ ಪೆಟ್ರೋಲ್ ರಂಧ್ರದ ವಿಸ್ತೀರ್ಣಕ್ಕೆ ಅನುಗುಣ. 110ರಿಂದ 120ಕ್ಕೆ ಹೋದರೆ ಅಂಕಿ ಏರುವುದು ಶೇ. 9ರಷ್ಟು, ವಿಸ್ತೀರ್ಣ ಮಾತ್ರ ಶೇ. 19ರಷ್ಟು. ಜೆಟ್ಟನ್ನು ಒಂದೊಂದೇ ಮೆಟ್ಟಿಲು ಏರಿಸಬೇಕೆನ್ನುವುದು ಇದರಿಂದಲೇ. ಹಿತ್ತಾಳೆಯ ಜೆಟ್ಟಿಗೆ ಸಣ್ಣ ಡ್ರಿಲ್ ಹಾಕಿ ಅಗಲಿಸುವುದೂ ತಂತಿಯಿಂದ ಚುಚ್ಚಿ ಶುಚಿ ಮಾಡುವುದೂ ಕೆಲವೆಡೆ ರೂಢಿಯಲ್ಲಿವೆ. ಎರಡರಿಂದಲೂ ರಂಧ್ರ ಗೀರಿ ಕೊರೆದಿರುವ ಅಂಕಿಗೆ ಅರ್ಥವಿಲ್ಲದಾಗುತ್ತದೆ. ಕಾರ್ಬುರೇಟರ್ ಕ್ಲೀನರ್ ಹೊಡೆದು ಕಂಪ್ರೆಸರ್ ಗಾಳಿ ಬಿಟ್ಟರೆ ಸಾಕು.

ಜೆಟ್ ಬದಲಿಸಬೇಕಾಗುವ ಸಂದರ್ಭಗಳು

ಕಾರ್ಖಾನೆ ಹಾಕಿದ ಜೆಟ್ ಆ ಎಂಜಿನ್, ಆ ಏರ್ ಫಿಲ್ಟರ್, ಆ ಸೈಲೆನ್ಸರುಗಳ ಜೋಡಿಗೆ ಲೆಕ್ಕ ಹಾಕಿದ್ದು. ಹೊಗೆ ನಿಯಮಗಳಿಗೆ ಹೊಂದಲೆಂದು ಅದು ತುಸು ಲೀನ್ ಕಡೆಗೇ ಇರುವುದುಂಟು. ಮಾಲೀಕ ಸರಾಗವಾಗಿ ಗಾಳಿ ಬಿಡುವ ಫಿಲ್ಟರ್ ಹಾಕಿದರೆ, ಸೈಲೆನ್ಸರ್ ಅಥವಾ ಬೆಂಡ್ ಪೈಪ್ ಬದಲಿಸಿದರೆ, ಹೆಡ್ಡಿನ ಪೋರ್ಟ್ ಅಗಲಿಸಿದರೆ, ಸಿಲಿಂಡರ್ ಬೋರ್ ಮಾಡಿಸಿ ಸಿ.ಸಿ. ಹೆಚ್ಚಿಸಿದರೆ ಗಾಳಿಯ ಹರಿವು ಬದಲಾಗುತ್ತದೆ. ಹಾಗೆಯೇ ಗಾಡಿ ಕಾಯಂ ಆಗಿ ಬೇರೆ ಎತ್ತರದ ಊರಿಗೆ ಹೋದಾಗ, ಪೆಟ್ರೋಲಿನ ಸ್ವರೂಪವೇ ಬದಲಾದಾಗಲೂ ಜೆಟ್ಟಿನ ಪ್ರಶ್ನೆ ಏಳುತ್ತದೆ. ಇವ್ಯಾವುವೂ ಇಲ್ಲದೆ, ನಿನ್ನೆಯವರೆಗೆ ಚೆನ್ನಾಗಿದ್ದ ಗಾಡಿ ಇವತ್ತು ಕೆಟ್ಟರೆ ತಪ್ಪು ಜೆಟ್ಟಿನ ಅಳತೆಯದ್ದಲ್ಲ. ಹಿತ್ತಾಳೆಯ ರಂಧ್ರ ರಾತ್ರೋರಾತ್ರಿ ಕಿರಿದಾಗುವುದಿಲ್ಲ. ಕಸ ಕಟ್ಟಿಕೊಂಡಿರಬಹುದು, ಅಷ್ಟೇ.

ಹಾಗಾಗಿ ಜೆಟ್ಟಿಗೆ ಕೈಹಾಕುವ ಮೊದಲು ಉಳಿದದ್ದೆಲ್ಲ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ವಾಲ್ವ್ ಗ್ಯಾಪ್, ಪಾಯಿಂಟ್ ಅಥವಾ ಇಗ್ನಿಷನ್ ಟೈಮಿಂಗ್, ಪ್ಲಗ್, ಕಂಪ್ರೆಷನ್, ಏರ್ ಫಿಲ್ಟರಿನ ಶುಚಿತ್ವ ಮೊದಲ ಸರದಿ. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಅಲ್ಲಿಂದ ನುಸುಳುವ ಗಾಳಿ ಮಿಶ್ರಣವನ್ನು ಲೀನ್ ಮಾಡುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಆ ಜಾಗಕ್ಕೆ ನೀರು ಸಿಂಪಡಿಸಿದರೆ ಸದ್ದು ಬದಲಾಗುತ್ತದೆಯೇ ಎಂದು ನೋಡುವುದು ಸುಲಭದ ಪರೀಕ್ಷೆ. ಕೊನೆಯದಾಗಿ ಬಟ್ಟಲಿನ ಮಟ್ಟ ಕಾಯುವ ಫ್ಲೋಟ್. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ತಗ್ಗಿದರೆ ಎಲ್ಲ ವಲಯಗಳೂ ಒಟ್ಟಿಗೆ ಲೀನ್ ಆಗುತ್ತವೆ, ಏರಿದರೆ ಎಲ್ಲವೂ ರಿಚ್. ತೀರಾ ಏರಿದರೆ ಓವರ್‌ಫ್ಲೋ. ಮಟ್ಟ ಸರಿಯಿಲ್ಲದೆ ಮಾಡಿದ ಟ್ಯೂನಿಂಗ್ ನಾಳೆ ಫ್ಲೋಟ್ ಸರಿಪಡಿಸಿದ ಕೂಡಲೇ ಕೆಡುತ್ತದೆ.

ಕೆಲಸದ ಕ್ರಮ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡುವುದು: ಈ ಮೂರು ಶಿಸ್ತುಗಳಿಲ್ಲದಿದ್ದರೆ ಉಳಿದದ್ದು ಊಹೆಯ ಆಟ. ಹೆಚ್ಚಿನ ಟ್ಯೂನರ್‌ಗಳು ಮೇನ್ ಜೆಟ್ಟಿನಿಂದ ಆರಂಭಿಸಿ ನೀಡಲ್, ನಂತರ ಸ್ಲೋ ಜೆಟ್ ಎಂದು ಇಳಿಯುತ್ತಾರೆ. ಮೇನ್ ಜೆಟ್ ಬದಲಾದರೆ ನೀಡಲ್ ವಲಯವೂ ಸ್ವಲ್ಪ ಅಲುಗುವುದರಿಂದ ಈ ಕ್ರಮದಲ್ಲಿ ಕೆಲಸ ಮರುಕಳಿಸುವುದು ಕಡಿಮೆ.

ಮೇನ್ ಜೆಟ್ಟಿನ ಪರೀಕ್ಷೆಗೆ ಉದ್ದನೆಯ, ಸಂಚಾರವಿಲ್ಲದ ನೇರ ಹಾದಿ ಬೇಕು. ಸಾಧ್ಯವಾದರೆ ರೇಸ್ ಟ್ರ್ಯಾಕ್ ಅಥವಾ ಡೈನಮೋಮೀಟರ್. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತೆರೆದು ಓಡಿಸಿ, ಒಂದು ಕೂದಲಷ್ಟು ಹಿಂದಕ್ಕೆ ತಿರುವಿದಾಗ ಗಾಡಿ ಇನ್ನಷ್ಟು ಎಳೆದಂತೆನಿಸಿದರೆ ಜೆಟ್ ಚಿಕ್ಕದಾಗಿದೆ. ಚೋಕನ್ನು ಅರೆಬರೆ ಎಳೆದಾಗ ಸುಧಾರಿಸಿದರೂ ಅದೇ ಅರ್ಥ. ಮೇಲಿನ ವೇಗದಲ್ಲಿ ಎಂಜಿನ್ ಗಡುಸಾಗಿ ಗುಡುಗುಡಿಸುತ್ತ ಮುಂದೆ ಹೋಗಲು ಒಲ್ಲೆನ್ನುವುದು ರಿಚ್ ಆದದ್ದರ ಲಕ್ಷಣ. ನೀಡಲ್ ವಲಯದಲ್ಲಿ ಅರ್ಧ ಆಕ್ಸಿಲರೇಟರಿನಲ್ಲಿ ಸಮವೇಗವಾಗಿ ಓಡಿಸಿ, ಅಲ್ಲಿಂದ ತುಸು ತೆರೆದಾಗ ಹಿಂಜರಿಕೆ ಇದೆಯೇ ನೋಡಿ ಒಂದು ಕಚ್ಚು ಮೇಲೆ ಕೆಳಗೆ ಮಾಡಲಾಗುತ್ತದೆ.

ಐಡ್ಲಿಂಗ್ ಹೊಂದಿಸುವಾಗ ಸ್ಲೈಡ್ ಸ್ಕ್ರೂನಿಂದ ವೇಗ ಸ್ವಲ್ಪ ಏರಿಸಿ, ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ಹೊರಕ್ಕೆ ತಿರುಗಿಸಿ ಎಂಜಿನ್ ಅತಿ ವೇಗವಾಗಿ, ಸಮನಾಗಿ ಓಡುವ ಸ್ಥಾನ ಹುಡುಕಿ, ಆಮೇಲೆ ಐಡ್ಲಿಂಗ್ ಇಳಿಸಬೇಕು. ಆ ಸ್ಥಾನ ಪೂರ್ತಿ ಮುಚ್ಚಿದಲ್ಲಿಂದ ಒಂದರಿಂದ ಎರಡೂವರೆ ಸುತ್ತಿನೊಳಗೆ ಸಿಕ್ಕರೆ ಸ್ಲೋ ಜೆಟ್ ಸರಿಯಿದೆ. ಗಾಳಿಯ ಸ್ಕ್ರೂವನ್ನು ಹೆಚ್ಚುಕಡಿಮೆ ಮುಚ್ಚಿದಾಗ ಮಾತ್ರ ಎಂಜಿನ್ ಸಮನಾಗಿ ಓಡುತ್ತದೆಂದಾದರೆ ಸ್ಲೋ ಜೆಟ್ ಒಂದು ಅಳತೆ ದೊಡ್ಡದು ಬೇಕು. ಮೂರು ಸುತ್ತಿಗೂ ಮೀರಿ ಬಿಚ್ಚಬೇಕಾದರೆ ಚಿಕ್ಕದು. ಇಂಧನದ ಸ್ಕ್ರೂನಲ್ಲಿ ತೀರ್ಮಾನ ಇದಕ್ಕೆ ವಿರುದ್ಧ. ಆಮೇಲೆ ಒಮ್ಮೆ ರೇಸ್ ಮಾಡಿ ಬಿಟ್ಟಾಗ ಆರ್‌ಪಿಎಂ ಮೇಲೆಯೇ ನೇತಾಡಿ ತಡವಾಗಿ ಇಳಿದರೆ ಮಿಶ್ರಣ ಲೀನ್. ಐಡ್ಲಿಂಗಿಗಿಂತ ಕೆಳಕ್ಕೆ ಕುಸಿದು ಮತ್ತೆ ಏರಿದರೆ ರಿಚ್. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುವುದೂ ಹೆಚ್ಚಾಗಿ ಸ್ಲೋ ಜೆಟ್ ಲೀನ್ ಆದ ಸೂಚನೆ, ಬೆಂಡ್ ಪೈಪಿನ ಪ್ಯಾಕಿಂಗ್ ಸೋರುತ್ತಿಲ್ಲವೆಂದು ಮೊದಲು ನೋಡಿಕೊಂಡಿದ್ದರೆ. ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಇರುವ ಎಂಜಿನ್ನುಗಳಲ್ಲಿ ಇದೆಲ್ಲದರ ಜೊತೆಗೆ ವ್ಯಾಕ್ಯೂಮ್ ಗೇಜ್ ಹಚ್ಚಿ ಎಲ್ಲ ಸ್ಲೈಡುಗಳೂ ಸಮವಾಗಿ ಏಳುವಂತೆ ಮಾಡಬೇಕು.

ಪ್ಲಗ್ ಓದುವುದು ಹಳೆಯ ವಿದ್ಯೆ. ಹೊಸ ಪ್ಲಗ್ ಹಾಕಿ, ಪರೀಕ್ಷಿಸಬೇಕಾದ ವಲಯದಲ್ಲಿ ಸ್ವಲ್ಪ ದೂರ ಓಡಿಸಿ, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಎಂಜಿನ್ ಆರಿಸಿ ಪ್ಲಗ್ ಬಿಚ್ಚಿ ನೋಡುತ್ತಾರೆ. ಬಿಳಿ ಪಿಂಗಾಣಿ ಕಾಫಿಪುಡಿಯ ತಿಳಿ ಬಣ್ಣಕ್ಕೆ ಬಂದಿದ್ದರೆ ಸರಿ, ಮಸಿ ಹಿಡಿದಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್ ಎಂಬುದು ಬಾಯಿಪಾಠ. ಈ ಪಾಠ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆ ಬಣ್ಣ ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಸರಿಯಾಗಿರುವ ಪ್ಲಗ್ಗೂ ಬೆಳ್ಳಗೆ ಕಾಣಬಹುದು. ಟ್ರಾಫಿಕ್ಕಿನಲ್ಲಿ ತೆವಳಿ ಮನೆಗೆ ಬಂದು ಬಿಚ್ಚಿದ ಪ್ಲಗ್ ಮೇನ್ ಜೆಟ್ಟಿನ ಬಗ್ಗೆ ಏನೂ ಹೇಳದು. ಸೈಲೆನ್ಸರಿನ ಕೊಳವೆಗೆ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಕೂರಿಸಿದರೆ ಗಾಳಿ-ಇಂಧನದ ಪ್ರಮಾಣ ಅಂಕಿಯಲ್ಲೇ ಸಿಗುತ್ತದೆ. ಗಂಭೀರವಾದ ಕೆಲಸಕ್ಕೆ ಈಗ ಅದೇ ಆಧಾರ.

ಎತ್ತರ ಮತ್ತು ಇಂಧನ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರ್ ರಿಚ್ ಆಗುತ್ತದೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಗಾಳಿಯ ತೂಕ ಅದರ ಸಾಂದ್ರತೆಗೆ ನೇರವಾಗಿ ಇಳಿದರೆ, ಜೆಟ್ಟಿನಿಂದ ಬರುವ ಪೆಟ್ರೋಲ್ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ಇಳಿಯುತ್ತದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ ಹೊಂದಿಸಿದ ಗಾಡಿ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಶೇ. 4-5ರಷ್ಟು ರಿಚ್ ಆಗುತ್ತದೆ. ಘಟ್ಟ ಹತ್ತಿದ್ದಕ್ಕೆಲ್ಲ ಜೆಟ್ ಬದಲಿಸಬೇಕಿಲ್ಲ. ಗಾಳಿಯ ಸ್ಕ್ರೂ ತುಸು ತಿರುಗಿಸಿದರೆ ಮುಗಿಯಿತು. ಲಡಾಖಿನ ಕಥೆ ಬೇರೆ. ಸುಮಾರು 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 58ರಷ್ಟು, ಮಿಶ್ರಣ ಸುಮಾರು ಶೇ. 30ರಷ್ಟು ರಿಚ್ ಆಗಿ ಎಂಜಿನ್ ಉಸಿರುಗಟ್ಟುತ್ತದೆ. ಚಿಕ್ಕ ಮೇನ್ ಜೆಟ್ ಹಾಕಿ ನೀಡಲ್ ಇಳಿಸಿದರೆ ಗಾಡಿ ಸಲೀಸಾಗಿ ಓಡುತ್ತದೆ. ಆದರೆ ಕಳೆದುಹೋದ ಗಾಳಿಯನ್ನು ಯಾವ ಜೆಟ್ಟೂ ಮರಳಿಸಲಾರದು. ಅಲ್ಲಿ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು ಖಂಡಿತ. ಫಿಲ್ಟರ್ ತೆಗೆದು ಓಡಿಸುವ ಉಪಾಯದಿಂದ ಮಿಶ್ರಣ ಲೀನ್ ಆಗುವುದೇನೋ ನಿಜ, ಜೊತೆಗೆ ಆ ಹಾದಿಗಳ ಧೂಳೂ ಸಿಲಿಂಡರಿಗೆ ಇಳಿಯುತ್ತದೆ. ಬೆಟ್ಟದಿಂದ ಇಳಿದ ಮೇಲೆ ಹಳೆಯ ಜೆಟ್ ಮರಳಿ ಹಾಕುವುದನ್ನು ಮರೆತರೆ ಬಯಲಿನ ದಟ್ಟ ಗಾಳಿಯಲ್ಲಿ ಎಂಜಿನ್ ಅಪಾಯಕಾರಿಯಾಗಿ ಲೀನ್ ಓಡುತ್ತದೆ.

ಇಂಧನದ ಬದಲಾವಣೆ ಇತ್ತೀಚಿನದು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಬಿಡುಗಡೆ ಮಾಡಲಾಯಿತು. ಈಗ ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊಂದಿರುವುದರಿಂದ ಅದಕ್ಕೆ ತೂಕದ ಒಂಬತ್ತು ಪಟ್ಟು ಗಾಳಿ ಸಾಕು. ಹೀಗಾಗಿ ಈ ಮಿಶ್ರಣಕ್ಕೆ ಬೇಕಾದ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಜೆಟ್ಟಿನಲ್ಲೇ ಇದನ್ನು ಹಾಕಿದ ಗಾಡಿ ಶೇ. 7-8ರಷ್ಟು ಲೀನ್ ಓಡುತ್ತದೆ. ಮೊದಲೇ ರಿಚ್ ಆಗಿದ್ದದ್ದಕ್ಕೆ ಇದು ಗೊತ್ತೇ ಆಗದಿರಬಹುದು. ಅಂಚಿನಲ್ಲಿದ್ದದ್ದಕ್ಕೆ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗಿ, ಓಟದಲ್ಲಿ ಬಿಸಿ ಹೆಚ್ಚುತ್ತದೆ. ವ್ಯಾಸದ ಲೆಕ್ಕದಲ್ಲಿ 100ರ ಜೆಟ್ಟಿಗೆ ಬದಲು 102 ಅಥವಾ 105 ಇದಕ್ಕೆ ಸಾಕಾಗುತ್ತದೆ. ಎಥನಾಲ್ ಹಳೆಯ ರಬ್ಬರ್ ಭಾಗಗಳನ್ನು ಕೆಡಿಸುವುದೂ, ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಂತ ಗಾಡಿಯ ಬಟ್ಟಲಿನಲ್ಲಿ ಕಿಲುಬು ತರುವುದೂ ಬೇರೆಯೇ ತೊಂದರೆ. ನಿಲ್ಲಿಸುವ ಮೊದಲು ಬಟ್ಟಲು ಖಾಲಿ ಮಾಡಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಲೀನ್ ಮಿಶ್ರಣದ ಶಿಕ್ಷೆ ಹೆಚ್ಚು ಕಠೋರ. ಪಿಸ್ಟನ್ನನ್ನು ತಂಪಾಗಿಸುವುದರಲ್ಲಿ ಒಳಬರುವ ಪೆಟ್ರೋಲಿನ ಪಾಲು ದೊಡ್ಡದು. ಯೆಜ್ಡಿಯಂತೆ ಆಯಿಲನ್ನು ಪೆಟ್ರೋಲಿಗೇ ಬೆರೆಸುವ ಗಾಡಿಗಳಲ್ಲಿ ಜೆಟ್ ಚಿಕ್ಕದಾದರೆ ಆಯಿಲೂ ಕಡಿಮೆಯಾಗುತ್ತದೆ. ಫಲ, ಎಂಜಿನ್ ಸೀಜ್. ಸುರಕ್ಷತೆಗೆಂದು ಆಯಿಲ್ ಹೆಚ್ಚು ಹಾಕುವವರು ಗಮನಿಸದ ಅಂಶವೆಂದರೆ, ಅದೇ ಜೆಟ್ಟಿನಿಂದ ಬರುವ ಮಿಶ್ರಣದಲ್ಲಿ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ, ಎಂಜಿನ್ ಲೀನ್ ಆಗುತ್ತದೆ. ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಪ್ರತ್ಯೇಕ ಪಂಪ್ ಇರುವುದರಿಂದ ಈ ಗೋಜಿಲ್ಲ. ಆದರೆ ಅದರ ಸೈಲೆನ್ಸರ್ ಬದಲಿಸಿದವರು ಮೇನ್ ಜೆಟ್ ನೋಡದೆ ಬಿಟ್ಟರೆ ಅದೂ ಸೀಜ್ ಆಗಬಹುದು.

ಸಾರ್ವಜನಿಕ ರಸ್ತೆಯ ಗಾಡಿಗೆ ಕಾನೂನಿನ ಮಿತಿಯೂ ಇದೆ. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಬೋರ್ ಮಾಡಿಸಿ ಸಿ.ಸಿ. ಹೆಚ್ಚಿಸುವುದು ಅದರ ವ್ಯಾಪ್ತಿಗೆ ಬರುತ್ತದೆ. ಹೊಗೆ ತಪಾಸಣೆ ನಡೆಯುವುದು ಐಡ್ಲಿಂಗಿನಲ್ಲಾದ್ದರಿಂದ ಅದರ ಫಲಿತಾಂಶವನ್ನು ನಿರ್ಧರಿಸುವುದು ಸ್ಲೋ ಜೆಟ್ ಮತ್ತು ಮಿಶ್ರಣದ ಸ್ಕ್ರೂ. ಮೇನ್ ಜೆಟ್ ವಿಪರೀತ ದೊಡ್ಡದಿದ್ದರೂ ಪ್ರಮಾಣಪತ್ರ ಸಿಗುತ್ತದೆ, ಇದು ಆ ತಪಾಸಣೆಯ ದೌರ್ಬಲ್ಯ.

2020ರ ಏಪ್ರಿಲ್ 1ರಂದು ಬಿಎಸ್ 6 ಹೊಗೆ ನಿಯಮ ಜಾರಿಯಾದ ಮೇಲೆ ಭಾರತದ ಹೊಸ ಮೋಟಾರ್‌ಸೈಕಲ್ಲುಗಳು ಬಹುತೇಕ ಎಲ್ಲವೂ ಫ್ಯುಯೆಲ್ ಇಂಜೆಕ್ಷನ್ನಿಗೆ ಬದಲಾದವು. ಅವುಗಳಲ್ಲಿ ಗಾಳಿಯ ಒತ್ತಡ, ಉಷ್ಣತೆ, ಸೈಲೆನ್ಸರಿನ ಆಮ್ಲಜನಕಗಳನ್ನು ಸೆನ್ಸರುಗಳು ಅಳೆದು ಹೇಳುವುದರಿಂದ ಎತ್ತರಕ್ಕೂ ಇಂಧನದ ಸಣ್ಣಪುಟ್ಟ ವ್ಯತ್ಯಾಸಕ್ಕೂ ಎಂಜಿನ್ ತಾನೇ ಹೊಂದಿಕೊಳ್ಳುತ್ತದೆ. ಜೆಟ್ ಬದಲಾವಣೆ ಈಗ ಉಳಿದಿರುವುದು ಅದಕ್ಕೆ ಹಿಂದಿನ ಗಾಡಿಗಳಲ್ಲಿ, ಪುನಶ್ಚೇತನಗೊಂಡ ಹಳೆಯ ಜಾವಾ, ಬುಲೆಟ್, ಆರ್‌ಎಕ್ಸ್‌ಗಳಲ್ಲಿ ಮತ್ತು ಕಾರ್ಬುರೇಟರನ್ನೇ ನೆಚ್ಚಿಕೊಂಡಿರುವ ಕೆಲವು ರೇಸಿಂಗ್ ವರ್ಗಗಳಲ್ಲಿ.